ಹೋಮರನ ಬಾಯಿ, ಲಿಪಿಕಾರನ ಕೈ



ಗ್ರೀಕ್ ಮಹಾಕಾವ್ಯ ಇಲಿಯಡ್ ಓದಲು ಕುಳಿತವರಿಗೆ ಮೊದಲ ಪುಟಗಳಲ್ಲೇ ಒಂದು ಸಣ್ಣ ಕಿರಿಕಿರಿ ಎದುರಾಗುತ್ತದೆ. ಅದರ ನಾಯಕ ಅಕಿಲೀಸನನ್ನು ಕವಿ ಮಾತು ಮಾತಿಗೂ 'ವೇಗದ ಕಾಲಿನವನು' ಎನ್ನುತ್ತಾನೆ. ಓಡುವಾಗ ಹಾಗೆಂದರೆ ಸರಿ. ಆದರೆ ಸೇನಾಧಿಪತಿ ಅಗಮೆಮ್ನನ್‌ನೊಡನೆ ಜಗಳವಾಡಿ, ಯುದ್ಧ ಬಿಟ್ಟು, ಹಡಗುಗಳ ಪಕ್ಕದಲ್ಲಿ ಮುನಿಸಿಕೊಂಡು ಕುಳಿತಾಗಲೂ ಅವನು ವೇಗದ ಕಾಲಿನವನೇ. ಆ ಹಡಗುಗಳಾದರೋ ಒಂಬತ್ತು ವರ್ಷಗಳಿಂದ ದಡಕ್ಕೆ ಎಳೆದು ನಿಲ್ಲಿಸಿದವು. ಅವುಗಳ ಮರ ಕೊಳೆತಿದೆ ಎಂದು ಕಾವ್ಯವೇ ಹೇಳುತ್ತದೆ. ಆದರೂ ಅವು 'ವೇಗದ ಹಡಗುಗಳು'. ಬೆಳಗಾದಾಗಲೆಲ್ಲ ಉಷೆಗೆ ಗುಲಾಬಿ ಬೆರಳು, ಸಮುದ್ರಕ್ಕೆ ಮದ್ಯದ ಬಣ್ಣ. ಅದೇ ಮಾತು, ಅದೇ ಸಾಲು, ಕೆಲವೊಮ್ಮೆ ಹತ್ತಾರು ಸಾಲುಗಳ ಇಡೀ ಭಾಗವೇ ಮತ್ತೆ ಮತ್ತೆ ಬರುತ್ತದೆ.

ಇದಕ್ಕಿಂತ ದೊಡ್ಡ ಎಡವಟ್ಟುಗಳೂ ಇವೆ. ಪೈಲೆಮೆನೀಸ್ ಎಂಬ ರಾಜ 5ನೆಯ ಭಾಗದಲ್ಲಿ ಮೆನೆಲಾಸನ ಈಟಿಗೆ ಸಿಕ್ಕು ಸಾಯುತ್ತಾನೆ. 13ನೆಯ ಭಾಗದಲ್ಲಿ ಅವನ ಮಗ ಸತ್ತಾಗ ಹೆಣದ ಹಿಂದೆ ಅಳುತ್ತಾ ನಡೆಯುವವನೂ ಅದೇ ಪೈಲೆಮೆನೀಸ್! ಹೋಮರನಂಥವನೂ ಆಗಾಗ ತೂಕಡಿಸುತ್ತಾನಲ್ಲ ಎಂದು ರೋಮನ್ ಕವಿ ಹೊರೇಸ್ ಬೇಸರಪಟ್ಟಿದ್ದ. ಎರಡು ಸಾವಿರ ವರ್ಷ ಓದುಗರು ಇದನ್ನು ಕವಿಯ ಮರೆವು ಎಂದೋ, ಹಳೆಯ ಕಾಲದ ಮುಗ್ಧತೆ ಎಂದೋ ಕ್ಷಮಿಸಿಕೊಂಡು ಬಂದರು. ತೃಪ್ತಿಕರ ಉತ್ತರ ಸಿಕ್ಕಿದ್ದು 20ನೆಯ ಶತಮಾನದಲ್ಲಿ. ಅರ್ಧ ಉತ್ತರ ಪ್ಯಾರಿಸಿನ ಗ್ರಂಥಾಲಯದಲ್ಲಿ ಹೊಳೆಯಿತು. ಉಳಿದರ್ಧ ಬಾಲ್ಕನ್ ಬೆಟ್ಟಗಳ ಕಾಫಿ ಅಂಗಡಿಗಳಲ್ಲಿ ದೊರೆಯಿತು.

ಆ ಉತ್ತರಕ್ಕೆ ಹೋಗುವ ಮೊದಲು ಕಾವ್ಯದ ಪರಿಚಯ ಸ್ವಲ್ಪ ಬೇಕು. ಏಕೆಂದರೆ ಇಲಿಯಡ್ ಎಂದೊಡನೆ ಹಲವರಿಗೆ ನೆನಪಾಗುವುದು ಮರದ ಕುದುರೆ. ಇಲಿಯಡ್‌ನಲ್ಲಿ ಮರದ ಕುದುರೆ ಇಲ್ಲ. ಹೆಲೆನ್‌ಳ ಅಪಹರಣದ ಕಥನವೂ ಇಲ್ಲ, ಟ್ರಾಯ್ ನಗರದ ಪತನವೂ ಇಲ್ಲ. ಅಕಿಲೀಸನ ಸಾವಿನ ಭವಿಷ್ಯವಾಣಿ ಇದೆಯೇ ಹೊರತು ಸಾವಿಲ್ಲ. ಹತ್ತು ವರ್ಷದ ಯುದ್ಧದ ಕೊನೆಯ ವರ್ಷದಲ್ಲಿ ಸುಮಾರು 50 ದಿನಗಳ ಕಥೆ ಅದು. ವಿಷಯ ಒಂದೇ, ಅಕಿಲೀಸನ ಸಿಟ್ಟು. ಆ ಸಿಟ್ಟಿನಿಂದ ಅವನು ಯುದ್ಧ ಬಿಡುತ್ತಾನೆ. ಅವನ ಪ್ರಾಣಸ್ನೇಹಿತ ಪ್ಯಾಟ್ರೊಕ್ಲಸ್ ಅವನ ಕವಚ ತೊಟ್ಟು ಹೋಗಿ ಟ್ರಾಯ್‌ನ ರಾಜಕುಮಾರ ಹೆಕ್ಟರ್‌ನಿಂದ ಹತನಾಗುತ್ತಾನೆ. ಅಕಿಲೀಸ್ ಹೆಕ್ಟರ್‌ನನ್ನು ಕೊಂದು, ಹೆಣವನ್ನು ರಥಕ್ಕೆ ಕಟ್ಟಿ ಎಳೆಯುತ್ತಾನೆ.

ಆಗ ಕವಿ ಮಾಡುವುದನ್ನು ಗಮನಿಸಬೇಕು. ಹೆಕ್ಟರ್ ಸತ್ತು ಬಿದ್ದಿರುವಾಗ ಅವನ ಹೆಂಡತಿ ಆಂಡ್ರೊಮಕಿ ಮನೆಯ ಒಳಕೋಣೆಯಲ್ಲಿ ಮಗ್ಗದ ಮುಂದೆ ಕುಳಿತು ಬಟ್ಟೆ ನೇಯುತ್ತಿದ್ದಾಳೆ. ಗಂಡ ಯುದ್ಧದಿಂದ ಬಂದೊಡನೆ ಸ್ನಾನಕ್ಕೆ ಬಿಸಿನೀರು ಬೇಕಲ್ಲ ಎಂದು ದಾಸಿಯರಿಗೆ ಒಲೆಯ ಮೇಲೆ ದೊಡ್ಡ ಪಾತ್ರೆ ಇಡಲು ಹೇಳುತ್ತಾಳೆ. ಕೋಟೆಯ ಕಡೆಯಿಂದ ಗೋಳು ಕೇಳಿಸಿದಾಗ ಕೈಯಲ್ಲಿದ್ದ ಲಾಳಿ ಜಾರಿ ಬೀಳುತ್ತದೆ. ಯುದ್ಧದ ಕಾವ್ಯಗಳು ಲೋಕದಲ್ಲಿ ಬೇಕಾದಷ್ಟಿವೆ. ಕಾಯುತ್ತಾ ಉಳಿದ ಆ ಸ್ನಾನದ ನೀರಿನಂಥ ಒಂದು ಪಾತ್ರೆ ಎಷ್ಟರಲ್ಲಿ ಸಿಕ್ಕೀತು?

ಕೊನೆಯ ಭಾಗದಲ್ಲಿ ಮುದುಕ ರಾಜ ಪ್ರಯಾಮ್ ರಾತ್ರಿಯ ಹೊತ್ತು ಶತ್ರುವಿನ ಬಿಡಾರಕ್ಕೆ ಬಂದು, ಮಗನನ್ನು ಕೊಂದ ಕೈಗಳಿಗೇ ಮುತ್ತಿಟ್ಟು ಹೆಣವನ್ನು ಬೇಡುತ್ತಾನೆ. ಅಕಿಲೀಸನಿಗೆ ಊರಿನಲ್ಲಿರುವ ತನ್ನ ಮುದಿ ತಂದೆಯ ನೆನಪಾಗುತ್ತದೆ. ಇಬ್ಬರೂ ಅಳುತ್ತಾರೆ, ಒಬ್ಬ ಮಗನಿಗಾಗಿ, ಇನ್ನೊಬ್ಬ ತಂದೆಗಾಗಿ ಮತ್ತು ಗೆಳೆಯನಿಗಾಗಿ. ಬಳಿಕ ಒಟ್ಟಿಗೆ ಕುಳಿತು ಊಟ ಮಾಡುತ್ತಾರೆ. ಹೆಕ್ಟರ್‌ನ ಅಂತ್ಯಕ್ರಿಯೆಯೊಡನೆ ಕಾವ್ಯ ಮುಗಿಯುತ್ತದೆ. ಮೂಲ ಗ್ರೀಕ್‌ನಲ್ಲಿ ಅದರ ಕಟ್ಟಕಡೆಯ ಪದ ಹೆಕ್ಟರ್‌ನ ವಿಶೇಷಣ, 'ಕುದುರೆ ಪಳಗಿಸುವವನು'. ಈ ಪದವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇದನ್ನೆಲ್ಲ ಹೇಳಿದ ಹೋಮರ್ ಯಾರು? ಗ್ರೀಕರಿಗೇ ಗೊತ್ತಿರಲಿಲ್ಲ. ಅವನು ತಮ್ಮ ಊರಿನವನೆಂದು ಏಳು ನಗರಗಳು ಪೈಪೋಟಿ ನಡೆಸಿದ ಕಥೆ ಪ್ರಸಿದ್ಧ. ಕುರುಡನೆಂಬುದೂ ಐತಿಹ್ಯವೇ. ಕಾವ್ಯ ಈಗಿನ ರೂಪ ಪಡೆದದ್ದು ಕ್ರಿ.ಪೂ. 8ನೆಯ ಶತಮಾನದ ಕೊನೆ ಅಥವಾ 7ನೆಯ ಶತಮಾನದ ಆರಂಭದಲ್ಲಿ ಎಂಬುದು ಬಹುಮಂದಿ ವಿದ್ವಾಂಸರ ಎಣಿಕೆ. ಆದರೆ ಅದು ಹೇಳುವ ಲೋಕ, ಅಂದರೆ ಚಿನ್ನ ತುಂಬಿದ ಮೈಸೀನಿಯ ಅರಮನೆಗಳ, ಕಂಚಿನ ಆಯುಧಗಳ ಕಾಲ, ಅದಕ್ಕಿಂತ 400-500 ವರ್ಷ ಹಿಂದಿನದು. ನಡುವೆ ಏನಿತ್ತು?

ಉತ್ಖನನ ಈ ಪ್ರಶ್ನೆಯನ್ನು ಬಿಡಿಸುವ ಬದಲು ಇನ್ನಷ್ಟು ಬಿಗಿಗೊಳಿಸಿತು. ಜರ್ಮನ್ ವ್ಯಾಪಾರಿ ಹೈನ್ರಿಕ್ ಷ್ಲೀಮನ್ 1870ರ ದಶಕದಲ್ಲಿ ಈಗಿನ ಟರ್ಕಿಯ ಹಿಸ್ಸಾರ್ಲಿಕ್ ದಿಬ್ಬವನ್ನು ಅಗೆದು, 1873ರಲ್ಲಿ ಪ್ರಯಾಮನ ನಿಧಿ ಸಿಕ್ಕಿತೆಂದು ಸಾರಿದ. ನಿಧಿ ನಿಜ, ಪ್ರಯಾಮ್ ಮಾತ್ರ ಅಲ್ಲ. ಅವಸರದಲ್ಲಿ ಅವನು ತಾನು ಹುಡುಕುತ್ತಿದ್ದ ಕಾಲದ ಪದರವನ್ನೇ ಕಡಿದು, ಅದಕ್ಕಿಂತ ಸಾವಿರ ವರ್ಷಕ್ಕೂ ಹಳೆಯ ಪದರಕ್ಕೆ ಇಳಿದಿದ್ದ. (ಆ ಚಿನ್ನ ಬರ್ಲಿನ್‌ಗೆ ಹೋಗಿ, 1945ರಲ್ಲಿ ಕಾಣೆಯಾಗಿ, ಕೊನೆಗೆ ಮಾಸ್ಕೋದ ಪುಷ್ಕಿನ್ ವಸ್ತುಸಂಗ್ರಹಾಲಯದಲ್ಲಿ ಪತ್ತೆಯಾದದ್ದು ಬೇರೆಯೇ ಕಥೆ.) ಕ್ರೀಟ್ ಮತ್ತು ಗ್ರೀಸಿನ ಅರಮನೆಗಳಲ್ಲಿ ದೊರೆತ ಮಣ್ಣಿನ ಹಲಗೆಗಳ ಬರಹವನ್ನು 1952ರಲ್ಲಿ ಮೈಕೇಲ್ ವೆಂಟ್ರಿಸ್ ಎಂಬ ತರುಣ ವಾಸ್ತುಶಿಲ್ಪಿ ಓದಿದ. ಭಾಷೆ ಗ್ರೀಕ್ ಎಂದು ತಿಳಿದಾಗ ಎಲ್ಲರೂ ಕಾತರದಿಂದ ನೋಡಿದರು. ಹಲಗೆಗಳಲ್ಲಿದ್ದದ್ದು ಕುರಿಗಳ ಲೆಕ್ಕ, ಎಣ್ಣೆಯ ಲೆಕ್ಕ, ರಥದ ಗಾಲಿಗಳ ಲೆಕ್ಕ. ಶಾನುಭೋಗರ ಕಡತ! ಒಂದು ಸಾಲು ಕವಿತೆ ಇಲ್ಲ. ಕ್ರಿ.ಪೂ. 1200ರ ಸುಮಾರಿಗೆ ಆ ಅರಮನೆಗಳು ಸುಟ್ಟು ಬಿದ್ದ ಮೇಲೆ ಆ ಲಿಪಿಯೂ ಮರೆತುಹೋಯಿತು. ಮುಂದೆ ಸುಮಾರು ನಾಲ್ಕು ಶತಮಾನ ಗ್ರೀಸಿನಲ್ಲಿ ಬರವಣಿಗೆಯೇ ಇರಲಿಲ್ಲ.

ಹಾಗಿದ್ದೂ ಇಲಿಯಡ್‌ನ 10ನೆಯ ಭಾಗದಲ್ಲಿ ಒಡಿಸ್ಯೂಸ್ ತೊಡುವ ಒಂದು ಶಿರಸ್ತ್ರಾಣದ ವರ್ಣನೆ ಬರುತ್ತದೆ. ಚರ್ಮದ ಟೊಪ್ಪಿಗೆ, ಅದರ ಹೊರಗೆ ಒತ್ತಾಗಿ ಜೋಡಿಸಿದ ಕಾಡುಹಂದಿಯ ಕೋರೆಗಳು. ಹೋಮರನ ಕಾಲಕ್ಕೆ ಇಂಥದನ್ನು ಯಾರೂ ಧರಿಸುತ್ತಿರಲಿಲ್ಲ, ಬಳಕೆ ತಪ್ಪಿ ಶತಮಾನಗಳಾಗಿದ್ದವು. ಆದರೆ ಮೈಸೀನಿಯ ಕಾಲದ ಗೋರಿಗಳಲ್ಲಿ ಅಂಥದೇ ಶಿರಸ್ತ್ರಾಣದ ಕೋರೆಗಳೂ ಚಿತ್ರಗಳೂ ಸಿಕ್ಕಿವೆ. ಪುಸ್ತಕವಿಲ್ಲದೆ, ಲಿಪಿಯಿಲ್ಲದೆ, ಒಂದು ಟೊಪ್ಪಿಗೆಯ ಹೊಲಿಗೆಯ ವಿವರ ಇಷ್ಟು ದೂರ ನಡೆದುಬಂದಿದೆ. ಯಾರದೋ ಬಾಯಿಂದ ಯಾರದೋ ಕಿವಿಗೆ.

ಇಡೀ ಇಲಿಯಡ್‌ನಲ್ಲಿ ಬರವಣಿಗೆಯ ಪ್ರಸ್ತಾಪ ಬರುವುದು ಒಂದೇ ಕಡೆ. ಬೆಲ್ಲೆರೊಫಾನ್ ಎಂಬ ವೀರನ ಕೈಯಲ್ಲಿ ಒಬ್ಬ ರಾಜ ಮಡಿಸಿದ ಹಲಗೆಯೊಂದನ್ನು ಕೊಟ್ಟು ಮಾವನ ಬಳಿಗೆ ಕಳಿಸುತ್ತಾನೆ. ಅದರೊಳಗೆ ಕೊರೆದಿದ್ದ ಗುರುತುಗಳ ಅರ್ಥ, ತಂದವನನ್ನು ಕೊಲ್ಲು ಎಂದು. ಚಂದ್ರಹಾಸನ ಕಥೆ ಕೇಳಿ ಬೆಳೆದವರಿಗೆ ಈ ಪತ್ರ ಹೊಸದೇನಲ್ಲ. ಆದರೆ ಅಕ್ಷರವೆಂದರೆ ಮಾರಕವಾದ ಗೂಢ ಗುರುತು ಎಂದಷ್ಟೇ ಬಲ್ಲ ಕಾವ್ಯ 15 ಸಾವಿರಕ್ಕೂ ಹೆಚ್ಚು ಸಾಲು ಬೆಳೆದದ್ದು ಹೇಗೆ ಎಂಬುದೇ ಯೂರೋಪಿನ ವಿದ್ವಾಂಸರನ್ನು ಕಾಡಿದ ಪ್ರಶ್ನೆ.

1795ರಲ್ಲಿ ಜರ್ಮನಿಯ ಫ್ರೀಡ್ರಿಕ್ ಆಗಸ್ಟ್ ವುಲ್ಫ್ ಇದನ್ನು ನೇರವಾಗಿ ಎತ್ತಿದ. ಬರಹ ಗೊತ್ತಿಲ್ಲದವನು ಇಷ್ಟು ಉದ್ದದ ಕಾವ್ಯ ರಚಿಸಲಾರ, ಆದ್ದರಿಂದ ಬಿಡಿ ಹಾಡುಗಳನ್ನು ನಂತರದವರು ಹೊಲಿದಿರಬೇಕು ಎಂದ. ಮುಂದೆ ನೂರು ವರ್ಷಕ್ಕೂ ಮಿಕ್ಕಿ ಒಂದು ಪಕ್ಷದವರು ಕಾವ್ಯವನ್ನು ತುಂಡು ತುಂಡಾಗಿ ಕತ್ತರಿಸಿ ಇದು ಇವನದು, ಅದು ಅವನದು ಎಂದು ಹಂಚಿದರು. ಇನ್ನೊಂದು ಪಕ್ಷದವರು ಇಷ್ಟು ದೊಡ್ಡ ಕಾವ್ಯಕ್ಕೆ ಒಬ್ಬನೇ ಕವಿ ಎಂದು ಪಟ್ಟು ಹಿಡಿದರು. ಆ ಜಗಳದ ವಿವರ ಇಲ್ಲಿ ಬೇಡ. ಎರಡೂ ಪಕ್ಷದವರು ಒಂದು ವಿಷಯದಲ್ಲಿ ಒಂದೇ ಆಗಿದ್ದರು. ಹೋಮರನನ್ನು ಅವರು ತಮ್ಮಂತೆಯೇ ಲೇಖನಿ ಹಿಡಿದು ಮೇಜಿನ ಮುಂದೆ ಕುಳಿತವನೆಂದೇ ಅಳೆಯುತ್ತಿದ್ದರು.

ಮೇಜನ್ನು ಪಕ್ಕಕ್ಕೆ ಸರಿಸಿದವನು ಮಿಲ್ಮನ್ ಪ್ಯಾರಿ. 1902ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಹುಟ್ಟಿದ ಈತ 1928ರಲ್ಲಿ ಪ್ಯಾರಿಸ್‌ನಲ್ಲಿ ಮಂಡಿಸಿದ ಪ್ರಬಂಧದ ವಿಷಯ ನೋಡಲು ಒಣ ವಿಷಯ, ಹೋಮರನ ವಿಶೇಷಣಗಳು. ಪ್ಯಾರಿ ಅವುಗಳನ್ನು ಎಣಿಸಿದ, ಸಾಲಿನ ಯಾವ ಜಾಗದಲ್ಲಿ ಬರುತ್ತವೆಂದು ಗುರುತು ಹಾಕಿಕೊಂಡ. ಗ್ರೀಕ್ ಮಹಾಕಾವ್ಯದ ಛಂದಸ್ಸು ಹೆಕ್ಸಾಮೀಟರ್, ಅಂದರೆ ಸಾಲಿಗೆ ಆರು ಗಣ. ಲಘು ಗುರುಗಳ ಲೆಕ್ಕ ಕಟ್ಟುನಿಟ್ಟು. ಒಡಿಸ್ಯೂಸನ ಹೆಸರು ಸಾಲಿನ ಕೊನೆಗೆ ಬರಬೇಕಾಗಿದೆ ಎನ್ನಿ. ಉಳಿದಿರುವ ಜಾಗ ಚಿಕ್ಕದಾದರೆ ಅವನು 'ದಿವ್ಯ ಒಡಿಸ್ಯೂಸ್'. ಸ್ವಲ್ಪ ಹೆಚ್ಚಿದ್ದರೆ 'ಬಹು ಉಪಾಯದ ಒಡಿಸ್ಯೂಸ್'. ಇನ್ನೂ ಹೆಚ್ಚಿದ್ದರೆ 'ಬಹಳ ಸಹಿಸಿದ ದಿವ್ಯ ಒಡಿಸ್ಯೂಸ್'. ಅಕಿಲೀಸನಿಗೂ ಹೀಗೆಯೇ, ಅಗಮೆಮ್ನನ್‌ಗೂ ಹೀಗೆಯೇ. ಪ್ರತಿಯೊಂದು ಅಳತೆಯ ಜಾಗಕ್ಕೆ ಸಾಮಾನ್ಯವಾಗಿ ಒಂದೇ ವಿಶೇಷಣ. ಒಂದೇ ಅಳತೆಗೆ ಎರಡು ಸಿದ್ಧವಿಲ್ಲ, ಬೇಕಾದ ಅಳತೆಗೆ ಕೊರತೆಯೂ ಇಲ್ಲ. ಇಂಥ ಮಿತವ್ಯಯದ ವ್ಯವಸ್ಥೆಯನ್ನು ಒಬ್ಬ ಕವಿ ಒಂದು ಜೀವಮಾನದಲ್ಲಿ ಕಟ್ಟಲಾರ. ಹಲವು ತಲೆಮಾರುಗಳ ಹಾಡುಗಾರರು ಉಪಯೋಗಿಸಿ, ಸವೆಸಿ, ಬೇಡದ್ದನ್ನು ಬಿಟ್ಟು ಉಳಿಸಿಕೊಂಡ ಉಪಕರಣಗಳಿವು.

ಅಂದರೆ ಅಕಿಲೀಸ್ ಕುಳಿತಾಗಲೂ ವೇಗದ ಕಾಲಿನವನಾಗುವುದು ಅವನ ಕಾಲಿನಿಂದಲ್ಲ, ಸಾಲಿನ ಕಾಲಳತೆಯಿಂದ. ಮುಂದೆ ಜನ ಕುಳಿತಿದ್ದಾರೆ. ಹಾಡು ನಿಲ್ಲುವಂತಿಲ್ಲ. ಬರೆದ ಪ್ರತಿ ಇಲ್ಲ, ಅಳಿಸಿ ತಿದ್ದುವ ಅವಕಾಶವಿಲ್ಲ. ಬಾಯಿ ಈ ಸಾಲು ಮುಗಿಸುತ್ತಿರುವಾಗ ಮನಸ್ಸು ಮುಂದಿನ ಸಾಲನ್ನು ಕಟ್ಟುತ್ತಿರಬೇಕು. ಸಿದ್ಧ ನುಡಿಗಟ್ಟು ಆ ಒಂದು ಕ್ಷಣದ ಬಿಡುವನ್ನು ಕೊಡುತ್ತದೆ. ನುಡಿಗಟ್ಟಿನಂತೆಯೇ ಸಿದ್ಧ ಸನ್ನಿವೇಶಗಳೂ ಇವೆ. ವೀರನೊಬ್ಬ ಆಯುಧ ತೊಡುವಾಗ ಕಾಲಕವಚ, ಎದೆಕವಚ, ಕತ್ತಿ, ಗುರಾಣಿ, ಶಿರಸ್ತ್ರಾಣ, ಈಟಿ, ಇದೇ ಕ್ರಮ. ಎಂಟು ಭಾಗಗಳ ಹಿಂದೆ ಕೊಂದ ರಾಜನನ್ನು ಮತ್ತೆ ಅಳಿಸಿದ್ದಕ್ಕೂ ಇಲ್ಲೇ ಸಮಾಧಾನವಿದೆ. ಹಾಡುವವನು ಹಿಂದಿನ ಪುಟ ತಿರುಗಿಸಿ ನೋಡುವುದು ಹೇಗೆ?

ಸಿದ್ಧಾಂತ ಚೆನ್ನಾಗಿತ್ತು. ಪುರಾವೆ ಕಾಗದದ ಮೇಲೆ ಮಾತ್ರ. ಹೀಗೆ ಹಾಡುತ್ತಲೇ ಕಾವ್ಯ ಕಟ್ಟುವವರು ಲೋಕದಲ್ಲಿ ಎಲ್ಲಾದರೂ ಜೀವಂತ ಇದ್ದಾರೆಯೇ? ಆಗಿನ ಯುಗೊಸ್ಲಾವಿಯಾದಲ್ಲಿ ಇದ್ದಾರೆ ಎಂಬುದು ಸ್ಲಾವಿಕ್ ವಿದ್ವಾಂಸ ಮಟಿಯಾ ಮುರ್ಕೊ ಅವರ ಕೆಲಸದಿಂದ ತಿಳಿದಿತ್ತು. ಬೋಸ್ನಿಯಾ, ಹರ್ಜೆಗೊವಿನಾ, ಮಾಂಟೆನೆಗ್ರೊ ಭಾಗದ ಹಾಡುಗಾರರು ಗುಸ್ಲೆ ಎಂಬ ಒಂಟಿ ತಂತಿಯ ವಾದ್ಯ ನುಡಿಸುತ್ತಾ ವೀರಗಾಥೆ ಹಾಡುತ್ತಿದ್ದರು. ಮುಸ್ಲಿಮರ ಊರುಗಳಲ್ಲಿ ರಂಜಾನ್ ತಿಂಗಳಿಡೀ ಕಾಫಿ ಅಂಗಡಿಗಳಲ್ಲಿ ರಾತ್ರಿಗಟ್ಟಲೆ ಹಾಡು ನಡೆಯುತ್ತಿತ್ತು. ಪ್ಯಾರಿ 1933ರಲ್ಲಿ ಒಮ್ಮೆ, 1934-35ರಲ್ಲಿ ಮತ್ತೊಮ್ಮೆ ಅಲ್ಲಿಗೆ ಹೋದ. ಆಗ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ. ಜೊತೆಗೆ ಶಿಷ್ಯ ಆಲ್ಬರ್ಟ್ ಲಾರ್ಡ್. ಸಹಾಯಕ್ಕೆ ಸ್ವತಃ ಹಾಡುಗಾರನಾದ ನಿಕೊಲಾ ವುಯ್ನೊವಿಚ್. ಹೊತ್ತುಕೊಂಡು ಹೋದದ್ದು ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಧ್ವನಿ ಮುದ್ರಿಸುವ ಯಂತ್ರ. ಒಂದು ತಟ್ಟೆ ಕೆಲವೇ ನಿಮಿಷಗಳಲ್ಲಿ ತುಂಬುತ್ತಿದ್ದುದರಿಂದ ಹಾಡು ತುಂಡಾಗದಂತೆ ಎರಡು ತಿರುಗುಮಣೆಗಳು, ಒಂದು ತುಂಬಿದೊಡನೆ ಇನ್ನೊಂದು. ಒಟ್ಟು 3,500ಕ್ಕೂ ಹೆಚ್ಚು ತಟ್ಟೆಗಳು ಹಾರ್ವರ್ಡ್ ತಲುಪಿದವು.

ಅವರಿಗೆ ದೊರೆತ ಹಾಡುಗಾರರಲ್ಲಿ ಎಲ್ಲರಿಗಿಂತ ದೊಡ್ಡವನು ಮಾಂಟೆನೆಗ್ರೊದ ಬಿಯೆಲೊ ಪೊಲ್ಯೆ ಸಮೀಪದ ಆವ್ಡೊ ಮೆಜೆದೊವಿಚ್. ಓದು ಬರಹ ಬಾರದು. ವಯಸ್ಸು ಸುಮಾರು 60. ಅವನೊಬ್ಬನೇ 1935ರಲ್ಲಿ ಒದಗಿಸಿದ ಒಂದು ಮದುವೆಯ ಕಥೆ 12 ಸಾವಿರ ಸಾಲು ದಾಟಿತು. ಒಡಿಸ್ಸಿಯ ಗಾತ್ರವೂ ಅಷ್ಟೇ. ಬರಹವಿಲ್ಲದವನು ಇಷ್ಟು ಉದ್ದ ಹಾಡಲಾರ ಎಂಬ ವುಲ್ಫ್‌ನ ವಾದಕ್ಕೆ ಕಟುಕನ ಕೆಲಸ ಮಾಡಿಕೊಂಡಿದ್ದ ಈ ಮುದುಕ ಕೊಟ್ಟ ಉತ್ತರ ಅದು.

ಪ್ಯಾರಿ ಇನ್ನೊಂದು ಪರೀಕ್ಷೆ ಮಾಡಿದ. ಮುಮಿನ್ ವ್ಲಾಹೊವ್ಲ್ಯಾಕ್ ಎಂಬ ಹಾಡುಗಾರನಿಗೆ, ಆವ್ಡೊ ಹಿಂದೆಂದೂ ಕೇಳಿರದ ಹಾಡೊಂದನ್ನು ಹಾಡುವಂತೆ ಹೇಳಿದ. ಆವ್ಡೊ ಪಕ್ಕದಲ್ಲೇ ಕುಳಿತು ಕೇಳಿದ. ಹಾಡು 2,294 ಸಾಲು. ಮುಗಿದ ಮೇಲೆ ಪ್ಯಾರಿ ಇದ್ದಕ್ಕಿದ್ದಂತೆ ಆವ್ಡೊ ಕಡೆ ತಿರುಗಿ, ಈಗ ನೀನು ಇದನ್ನು ಹಾಡಬಲ್ಲೆಯಾ ಎಂದು ಕೇಳಿದ. ಆವ್ಡೊ ಮೊದಲ ಹಾಡುಗಾರನಿಗೆ ಗೌರವದ ಮಾತು ಹೇಳಿ ಶುರು ಮಾಡಿದ. ಒಂದೇ ಸಲ ಕೇಳಿದ ಆ ಹಾಡು ಅವನ ಬಾಯಲ್ಲಿ 6,313 ಸಾಲಾಯಿತು! ಕಥೆ ಅದೇ. ಹೆಚ್ಚಿದ್ದು ವರ್ಣನೆ, ಪಾತ್ರಗಳ ಮನಸ್ಸಿನ ಒಳಗು, ಕುದುರೆಯ ಅಲಂಕಾರ. ಬಾಯಿಪಾಠದಿಂದ ಆಗುವ ಕೆಲಸವಲ್ಲ ಇದು.

ತಮಾಷೆಯೆಂದರೆ ಈ ಹಾಡುಗಾರರು ಮಾತ್ರ ಅದನ್ನು ಒಪ್ಪುತ್ತಿರಲಿಲ್ಲ. ಕೇಳಿದ ಹಾಡನ್ನು ಪದಕ್ಕೆ ಪದ, ಸಾಲಿಗೆ ಸಾಲು ಹಾಗೆಯೇ ಹಾಡಿದೆ ಎಂದು ದೆಮೊ ಝೊಗಿಚ್ ಎಂಬಾತ ಆಣೆ ಇಟ್ಟಂತೆ ಹೇಳಿದ. ತಟ್ಟೆಗಳನ್ನು ಹೋಲಿಸಿ ನೋಡಿದರೆ ಇಬ್ಬರ ಹಾಡೂ ಬೇರೆ ಬೇರೆ. ಅವನು ಸುಳ್ಳು ಹೇಳಲಿಲ್ಲ. ಅಚ್ಚಿನ ಪುಸ್ತಕ ಕಾಣದವನಿಗೆ 'ಅದೇ ಹಾಡು' ಎಂದರೆ ಅದೇ ಕಥೆ, ಅದೇ ಸತ್ಯ. ಪದಗಳು ಒಂದೇ ಇರಬೇಕೆಂಬುದು ಓದಿದವರ ಹಟ.

1935ರ ಡಿಸೆಂಬರ್ 3ರಂದು ಲಾಸ್ ಏಂಜಲೀಸಿನ ಹೋಟೆಲೊಂದರಲ್ಲಿ ಗುಂಡೇಟಿನಿಂದ ಪ್ಯಾರಿ ತೀರಿಕೊಂಡ. ವಯಸ್ಸು 33. ಬರೆಯಬೇಕೆಂದಿದ್ದ ಪುಸ್ತಕ ಆಗತಾನೇ ಆರಂಭವಾಗಿತ್ತು. ಶಿಷ್ಯ ಲಾರ್ಡ್ 25 ವರ್ಷ ಆ ತಟ್ಟೆಗಳೊಡನೆ ಬದುಕಿ 1960ರಲ್ಲಿ 'ದ ಸಿಂಗರ್ ಆಫ್ ಟೇಲ್ಸ್' ಗ್ರಂಥ ಪ್ರಕಟಿಸಿದ ಮೇಲೆಯೇ ಲೋಕಕ್ಕೆ ವಿಷಯ ಪೂರ್ತಿ ತಿಳಿದದ್ದು. ಜನಪದ ಕಾವ್ಯಗಳ ಅಧ್ಯಯನ ಆ ಪುಸ್ತಕದ ನಂತರ ಎಲ್ಲ ದೇಶಗಳಲ್ಲೂ ಹೊಸ ದಾರಿ ಹಿಡಿಯಿತು.

ಆ ದಾರಿ ದಕ್ಷಿಣ ಕನ್ನಡಕ್ಕೂ ಬಂತು. ಕಾಲೆವಾಲ ಮಹಾಕಾವ್ಯದ ನಾಡಾದ ಫಿನ್‌ಲ್ಯಾಂಡಿನ ವಿದ್ವಾಂಸ ಲೌರಿ ಹಾಂಕೊ ಮತ್ತು ಅವರ ಪತ್ನಿ ಅನ್ನೇಲಿ, ಮಂಗಳೂರು ವಿಶ್ವವಿದ್ಯಾಲಯದ ಬಿ.ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡ ಅವರೊಡನೆ ಸೇರಿ, 1990ರ ಡಿಸೆಂಬರ್‌ನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಕಾವ್ಯವನ್ನು ಆರು ದಿನಗಳ ಕಾಲ ದಾಖಲಿಸಿಕೊಂಡರು. ಗಂಡನ ಅನ್ಯಾಯ ಸಹಿಸದೆ ಮನೆ ಬಿಟ್ಟು ಹೊರಟ ಸಿರಿಯ, ಅವಳ ಸಂತತಿಯ ಕಥೆ ಅದು. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರ ಬಾಯಲ್ಲೂ, ಹುಣ್ಣಿಮೆಯ ಸಿರಿ ಜಾತ್ರೆಯಲ್ಲಿ ಆವೇಶಗೊಂಡವರ ಬಾಯಲ್ಲೂ ತುಣುಕು ತುಣುಕಾಗಿ ಕೇಳಿಸುವ ಕಥೆ. ಗೋಪಾಲ ನಾಯ್ಕರು ಹಾಡಿದ್ದು 15,683 ಸಾಲು. ಇಲಿಯಡ್‌ನದು 15,693. ಹತ್ತೇ ಸಾಲಿನ ಅಂತರ. ಹಾಡನ್ನು ಸಾಲುಗಳಾಗಿ ಒಡೆಯುವವರು ಬರೆದುಕೊಳ್ಳುವವರೇ ಆದ್ದರಿಂದ ಈ ಕಾಕತಾಳೀಯಕ್ಕೆ ಹೆಚ್ಚು ಬೆಲೆ ಕಟ್ಟಬೇಕಿಲ್ಲ. ಬೆಲೆಯಿರುವುದು ಹಾಂಕೊ ಕಂಡುಕೊಂಡ ವಿಷಯಕ್ಕೆ. ಹಾಡುಗಾರನ ತಲೆಯಲ್ಲಿರುವುದು ಪದಗಳ ಪಾಠವಲ್ಲ. ಕಥೆಯ ನಡೆ, ಸನ್ನಿವೇಶಗಳು, ಸಿದ್ಧ ನುಡಿಗಳು, ಇವೆಲ್ಲ ಕೂಡಿದ ಒಂದು ಮಾನಸಿಕ ಪಠ್ಯ. ಸಂದರ್ಭಕ್ಕೆ ತಕ್ಕಂತೆ ಅದು ಅರ್ಧ ಗಂಟೆಗೂ ಹೊರಬರಬಹುದು, ಆರು ದಿನಕ್ಕೂ ಹಿಗ್ಗಬಹುದು. ಹಾಂಕೊ ತಂಡದ ಸಂಪುಟಗಳು 1998ರಲ್ಲಿ ಫಿನ್‌ಲ್ಯಾಂಡಿನಲ್ಲಿ ಪ್ರಕಟವಾದವು. ಹೋಮರನ ಬಗ್ಗೆ ಚರ್ಚಿಸುವವರು ಆವ್ಡೊನಂತೆ ಗೋಪಾಲ ನಾಯ್ಕರನ್ನೂ ಹೆಸರಿಸುವುದಕ್ಕೆ ಕಾರಣ ಇದು.

ಆದರೆ ಒಂದು ಅಳುಕು ಉಳಿಯಿತು. ಎಲ್ಲವೂ ಸಿದ್ಧ ನುಡಿಗಟ್ಟಾದರೆ ಕವಿಯ ಪಾಲೇನು? ಇಟ್ಟಿಗೆ ಜೋಡಿಸುವುದಷ್ಟೇ? ಇಲಿಯಡ್‌ನ 3ನೆಯ ಭಾಗದಲ್ಲಿ ಹೆಲೆನ್ ಕೋಟೆಯ ಮೇಲೆ ನಿಂತು ಗ್ರೀಕ್ ವೀರರನ್ನು ಒಬ್ಬೊಬ್ಬರಾಗಿ ಗುರುತಿಸುತ್ತಾಳೆ. ತನ್ನ ಇಬ್ಬರು ಸಹೋದರರು ಮಾತ್ರ ಕಾಣುತ್ತಿಲ್ಲ. ತನ್ನಿಂದಾದ ಅವಮಾನಕ್ಕೆ ನಾಚಿ ಯುದ್ಧಕ್ಕೆ ಬಂದಿಲ್ಲವೇನೋ ಎಂದುಕೊಳ್ಳುತ್ತಾಳೆ. ಅವರು ಆಗಲೇ ಸತ್ತಿದ್ದಾರೆ, ದೂರದ ತಾಯ್ನಾಡಿನ ಮಣ್ಣಿನೊಳಗಿದ್ದಾರೆ ಎಂದು ಕವಿ ಕೇಳುಗರಿಗೆ ಮಾತ್ರ ಹೇಳುತ್ತಾನೆ. ಅಲ್ಲಿ ಆ ಮಣ್ಣಿಗೆ ಅವನು ಬಳಸುವ ವಿಶೇಷಣ 'ಜೀವ ಕೊಡುವ'. ಆಂಗ್ಲ ವಿಮರ್ಶಕ ರಸ್ಕಿನ್ ಈ ಪದಕ್ಕೆ ಮನಸೋತಿದ್ದ. ಪ್ಯಾರಿಯಾದರೋ ಇದೂ ಸಿದ್ಧ ನುಡಿಯೇ, ಓದುಗರು ತಮ್ಮ ಭಾವವನ್ನು ಅದರಲ್ಲಿ ತುಂಬುತ್ತಿದ್ದಾರೆ ಎಂದ.

ಇಲ್ಲಿ ಪ್ಯಾರಿಯನ್ನು ಒಪ್ಪುವುದು ಕಷ್ಟ. ಉಪಕರಣ ಹಳೆಯದೆಂದ ಮಾತ್ರಕ್ಕೆ ಅದನ್ನು ಹಿಡಿದ ಕೈಗೆ ಜೀವವಿಲ್ಲ ಎಂದಾಗುವುದಿಲ್ಲ. ಆಯುಧ ತೊಡುವ ಆ ಸಿದ್ಧ ಸನ್ನಿವೇಶವನ್ನೇ ನೋಡಿ. ಪ್ಯಾಟ್ರೊಕ್ಲಸ್ ಅಕಿಲೀಸನ ಕವಚವನ್ನು ಅದೇ ಕ್ರಮದಲ್ಲಿ ತೊಡುತ್ತಾ ಬರುತ್ತಾನೆ. ಕೊನೆಯಲ್ಲಿ ಈಟಿಯನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಅದನ್ನು ಎತ್ತಬಲ್ಲವನು ಅಕಿಲೀಸ್ ಒಬ್ಬನೇ. ನೂರು ಸಲ ಆ ಕ್ರಮ ಕೇಳಿದ್ದ ಸಭೆಗೆ ಆ ಒಂದು ಕೊರತೆಯೇ ಸಾಕು. ಇವನು ಮರಳುವುದಿಲ್ಲ. ಕಾವ್ಯದ ಕಡೆಯ ಪದವೂ ಹಾಗೆಯೇ. 'ಕುದುರೆ ಪಳಗಿಸುವ' ಎಂಬುದು ಹೆಕ್ಟರ್‌ಗೆ ಹಿಂದೆಯೂ ಕೆಲವು ಸಲ ಬಳಸಿದ ಮಾತು. ಆದರೆ ಅವನ ಮೇಲೆ ಮಣ್ಣು ಬಿದ್ದ ನಂತರ ಅದು ಹಿಂದಿನಂತೆ ಕೇಳಿಸುವುದಿಲ್ಲ.

ಪ್ಯಾರಿಗೆ ಮುಖ್ಯವಾದ ತಕರಾರು ಬಂದದ್ದು ಮನೆಯೊಳಗಿನಿಂದಲೇ. ತಂದೆ ತೀರಿಕೊಂಡಾಗ ಮಗ ಆಡಮ್ ಪ್ಯಾರಿ ಏಳು ವರ್ಷದವನು. ಅವನೂ ಗ್ರೀಕ್ ವಿದ್ವಾಂಸನೇ ಆದ. 1956ರಲ್ಲಿ ಬರೆದ ಅಕಿಲೀಸನ ಭಾಷೆಯ ಕುರಿತ ಸಣ್ಣ ಲೇಖನದಲ್ಲಿ ಅವನು ಎತ್ತಿದ ಪ್ರಶ್ನೆ ಮಾರ್ಮಿಕವಾದದ್ದು. 9ನೆಯ ಭಾಗದಲ್ಲಿ ಅಕಿಲೀಸ್ ಯುದ್ಧದ ಕೀರ್ತಿಯನ್ನೇ ಸಂಶಯಿಸುತ್ತಾನೆ, ಹೇಡಿಗೂ ವೀರನಿಗೂ ಸಾವು ಒಂದೇ ಅಲ್ಲವೇ ಎನ್ನುತ್ತಾನೆ. ಆದರೆ ಅವನ ಭಾಷೆಯ ಪ್ರತಿಯೊಂದು ನುಡಿಗಟ್ಟೂ ಕೀರ್ತಿಯನ್ನು ಹೊಗಳಲೆಂದೇ ರೂಪುಗೊಂಡದ್ದು. ಆ ಲೋಕವನ್ನು ನಿರಾಕರಿಸಲು ಅವನಲ್ಲಿ ಬೇರೆ ಮಾತಿಲ್ಲ. ಆದ್ದರಿಂದ ಇರುವ ಮಾತನ್ನೇ ಅವನು ತಿರುಚುತ್ತಾನೆ, ಉತ್ತರವಿಲ್ಲದ ಪ್ರಶ್ನೆ ಕೇಳುತ್ತಾನೆ, ಯಾರೂ ತೀರಿಸಲಾಗದ ಬೇಡಿಕೆ ಇಡುತ್ತಾನೆ. ತಂದೆ ಕಂಡುಹಿಡಿದ ಸಿದ್ಧ ನುಡಿಗಳ ಗೋಡೆಗೆ ಹಣೆ ಚಚ್ಚಿಕೊಳ್ಳುವ ನಾಯಕನನ್ನು ಮಗ ಕಂಡ. ತಂದೆಯ ಬರಹಗಳನ್ನೆಲ್ಲ ಸಂಪಾದಿಸಿ 1971ರಲ್ಲಿ ಪ್ರಕಟಿಸಿದವನೂ ಅವನೇ. ಅದೇ ವರ್ಷ ಮೋಟಾರ್ ಸೈಕಲ್ ಅಪಘಾತದಲ್ಲಿ ಪತ್ನಿಯೊಡನೆ ತೀರಿಕೊಂಡ.

ಬಾಯಿಯ ಕಾವ್ಯ ಬರಹಕ್ಕೆ ಇಳಿದದ್ದು ಹೇಗೆ? ಕ್ರಿ.ಪೂ. 8ನೆಯ ಶತಮಾನದ ಹೊತ್ತಿಗೆ ಗ್ರೀಕರು ಫಿನೀಷಿಯನ್ನರಿಂದ ಅಕ್ಷರಮಾಲೆ ಪಡೆದು ಅದಕ್ಕೆ ಸ್ವರಾಕ್ಷರಗಳನ್ನು ಸೇರಿಸಿಕೊಂಡಿದ್ದರು. ಇಟಲಿಯ ಇಸ್ಕಿಯಾ ದ್ವೀಪದ ಗೋರಿಯೊಂದರಲ್ಲಿ 1954ರಲ್ಲಿ ಸಿಕ್ಕಿದ ಆ ಶತಮಾನದ ಮಣ್ಣಿನ ಬಟ್ಟಲಿನ ಮೇಲೆ ಮೂರು ಸಾಲು ಕೊರೆದಿದೆ. ಮಹಾಕಾವ್ಯದ ವೀರ ನೆಸ್ಟರ್‌ನ ಬಟ್ಟಲನ್ನು ಹೆಸರಿಸಿ, ಇದರಲ್ಲಿ ಕುಡಿದವರಿಗೆ ಪ್ರೇಮದೇವತೆಯ ಮೋಹ ಹಿಡಿಯುತ್ತದೆಂಬ ವಿನೋದ. ಮಾಲು ಲೆಕ್ಕ ಹಾಕಲಿಕ್ಕಲ್ಲ, ಪದ್ಯಕ್ಕೇ ಲಿಪಿ ಬಳಸಿದ್ದಾರೆ! ಲಾರ್ಡ್‌ನ ಊಹೆಯಂತೆ ಇಂಥ ಕಾಲದಲ್ಲೇ ಹಾಡುಗಾರನೊಬ್ಬ ನಿಧಾನವಾಗಿ ಹೇಳುತ್ತಾ ಹೋದ, ಬರೆಯಬಲ್ಲವನೊಬ್ಬ ಬರೆದುಕೊಳ್ಳುತ್ತಾ ಹೋದ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಹಲವು ತಲೆಮಾರುಗಳಲ್ಲಿ ಪಾಠ ನಿಧಾನವಾಗಿ ಗಟ್ಟಿಯಾಯಿತು ಎನ್ನುವವರೂ ಇದ್ದಾರೆ. ಆದರೆ ಆವ್ಡೊ ತನ್ನ ಮದುವೆಯ ಕಥೆಯನ್ನು ನಿಕೊಲಾಗೆ ಹೇಳಿ ಬರೆಸಿದ ಚಿತ್ರ ಕಣ್ಣ ಮುಂದಿದ್ದಾಗ ಲಾರ್ಡ್‌ನ ಊಹೆ ದೂರದ್ದೆನಿಸುವುದಿಲ್ಲ.

ಬರೆದದ್ದರಿಂದಲೇ ಕಾವ್ಯ ಉಳಿಯಿತು. ಅಥೆನ್ಸ್‌ನ ದೊಡ್ಡ ಹಬ್ಬದಲ್ಲಿ ಅದನ್ನು ಸರದಿಯಂತೆ, ಒಬ್ಬ ಬಿಟ್ಟಲ್ಲಿಂದ ಇನ್ನೊಬ್ಬ ಹಿಡಿದು ಪಠಿಸಬೇಕೆಂಬ ನಿಯಮ ಬಂತು. ಅಲೆಕ್ಸಾಂಡ್ರಿಯಾದ ಗ್ರಂಥಾಲಯದಲ್ಲಿ ಝೆನೊಡೊಟಸ್, ಅರಿಸ್ಟಾರ್ಕಸ್ ಮೊದಲಾದವರು ಪ್ರತಿಗಳನ್ನು ಹೋಲಿಸಿ ಸಂಶಯದ ಸಾಲುಗಳ ಪಕ್ಕ ಗೀಟು ಹಾಕಿದರು. ಆ ಗುರುತುಗಳನ್ನು ಹೊತ್ತ 10ನೆಯ ಶತಮಾನದ ಚರ್ಮಪತ್ರದ ಪ್ರತಿ ಇಂದಿಗೂ ವೆನಿಸ್‌ನಲ್ಲಿದೆ. ಈಜಿಪ್ಟಿನ ಮರಳಿನಲ್ಲಿ ಸಿಕ್ಕಿರುವ ಗ್ರೀಕ್ ಸಾಹಿತ್ಯದ ಪಪೈರಸ್ ಚೂರುಗಳಲ್ಲಿ ಇಲಿಯಡ್‌ನವೇ ಎಲ್ಲಕ್ಕಿಂತ ಹೆಚ್ಚು.

ಆದರೆ ಹಬ್ಬದಲ್ಲಿ ಪಠಿಸುತ್ತಿದ್ದವನ ಕೈಯಲ್ಲಿ ವಾದ್ಯ ಇರಲಿಲ್ಲ, ಕೋಲಿತ್ತು. ಅವನು ಕಟ್ಟುವವನಲ್ಲ, ಒಪ್ಪಿಸುವವನು. ಸಭೆ ನೋಡಿ ಕಥೆ ಹಿಗ್ಗಿಸುವ, ಕುಗ್ಗಿಸುವ ಸ್ವಾತಂತ್ರ್ಯ ಮುಗಿದಿತ್ತು. ಟ್ರಾಯ್‌ನ ಉಳಿದ ಕಥೆಗಳನ್ನು ಹೇಳುತ್ತಿದ್ದ ಬೇರೆ ಮಹಾಕಾವ್ಯಗಳು ಕಳೆದೇಹೋದವು. ಅವುಗಳ ಸಾರಾಂಶ, ಒಂದಷ್ಟು ಬಿಡಿ ಸಾಲುಗಳು ಮಾತ್ರ ಉಳಿದಿವೆ. ಯುಗೊಸ್ಲಾವಿಯಾದಲ್ಲಿ ಲಾರ್ಡ್ ಇದನ್ನೇ ಕಣ್ಣಾರೆ ಕಂಡ. ಅಚ್ಚಾದ ಹಾಡಿನ ಪುಸ್ತಕ ಓದಲು ಕಲಿತ ಯುವಕರು ಆ ಪಾಠವೇ ಸರಿಯಾದ ಪಾಠವೆಂದು ನಂಬಿ ಬಾಯಿಪಾಠ ಮಾಡತೊಡಗಿದರು. ಹಾಡುತ್ತಲೇ ಕಟ್ಟುವ ವಿದ್ಯೆ ಅವರ ಕೈಗೆ ಹತ್ತಲಿಲ್ಲ. ತಟ್ಟೆಯ ಮೇಲೆ ಉಳಿದದ್ದು ಆವ್ಡೊ ಒಂದು ದಿನ ಹಾಡಿದ ಹಾಡು. ಮರುದಿನ ಅವನು ಹಾಡಬಹುದಾಗಿದ್ದ ಹಾಡು ಯಾವ ತಟ್ಟೆಯಲ್ಲೂ ಇಲ್ಲ.

ಬರಹಕ್ಕೆ ಮುಂಚಿನ ಆ ಸಭೆ ಹೇಗಿತ್ತು ಎಂಬುದನ್ನು ಒಡಿಸ್ಸಿಯ 8ನೆಯ ಭಾಗ ತೋರಿಸುತ್ತದೆ. ಹಡಗು ಒಡೆದು ದಡ ಸೇರಿದ ಅಪರಿಚಿತನೊಬ್ಬ ರಾಜ ಅಲ್ಕಿನೂಸನ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾನೆ. ಕುರುಡ ಹಾಡುಗಾರ ಡೆಮೊಡೊಕಸ್‌ನನ್ನು ಕೈ ಹಿಡಿದು ಕರೆತಂದು ಕಂಬಕ್ಕೆ ಒರಗಿಸಿ ಕೂರಿಸುತ್ತಾರೆ, ಕೈಗೆಟುಕುವಂತೆ ವಾದ್ಯವನ್ನು ಗೂಟಕ್ಕೆ ತೂಗುಹಾಕುತ್ತಾರೆ. ಅಪರಿಚಿತ ತನ್ನ ಪಾಲಿನ ಮಾಂಸದಲ್ಲಿ ಒಳ್ಳೆಯ ತುಂಡನ್ನು ಕೊಯ್ದು ಅವನಿಗೆ ಕಳಿಸಿ, ಮರದ ಕುದುರೆಯ ಕಥೆ ಹಾಡಬೇಕೆಂದು ಕೇಳುತ್ತಾನೆ. ಡೆಮೊಡೊಕಸ್ ಹಾಡುತ್ತಾನೆ, ಒಡಿಸ್ಯೂಸ್ ಕುದುರೆಯೊಳಗೆ ಅಡಗಿದ್ದು, ನಗರ ಸುಟ್ಟದ್ದು. ಕೇಳುತ್ತಾ ಅಪರಿಚಿತ ಬಿಕ್ಕಳಿಸತೊಡಗುತ್ತಾನೆ. ಹಾಡಿನ ಒಡಿಸ್ಯೂಸ್ ಅವನೇ. ಕುರುಡನಿಗೆ ಅದು ತಿಳಿಯದು. ಪಕ್ಕದಲ್ಲಿದ್ದ ರಾಜನೊಬ್ಬನೇ ಅಳುವನ್ನು ಗಮನಿಸಿ, ಹಾಡು ನಿಲ್ಲಿಸುವಂತೆ ಹೇಳಿ, ನೀನು ಯಾರು ಎಂದು ಅವನನ್ನು ಕೇಳುತ್ತಾನೆ.